ನೆಗೆಣ್ಣಿ ಚೀನಾ ಆದದ್ದು

ಬರ್ರಿ, ಗ್ವಾಡಿಗೆ ಬೆನ್ನ ಹಚ್ಚಿ ಕುಂದರ್ರಿ. ನಡುವ ಚಾ ಕೇಳಿ ಮಾತು ಕೆಡಿಸಬ್ಯಾಡ್ರಿ. ದೊಡ್ಡ ದೊಡ್ಡ ದೇಶದ ಸುದ್ದಿ ಅಡಗಿಮನಿಗೆ ಬಂತಂದ್ರ ಇಂಥವು ಆಗತಿರ್ತಾವ.

ನನ್ನ ಮೊಮ್ಮಗಳು ಸಿಂದಗ್ಯಾಗ ಬಿ.ಎಡ್. ಓದತಿದ್ಲು. ಕಡೀ ಪಾಠ ಒಂದು ಉಳಿದಿತ್ತು. ಸಾಲಿ ಮಕ್ಕಳ ಮುಂದ ಆಕಿ ಪಾಠ ಮಾಡಬೇಕು, ಹಿಂದ ಪರೀಕ್ಷಾ ಸಾಹೇಬ್ರು ಕುಂತು ನೋಡಬೇಕು. ಹುಡುಗಿ ಶಾಣ್ಯಾ, ಆದ್ರ ಮಂದಿ ಮುಂದ ನಿಂತರ ನಾಲಿಗಿ ಏಳೂದಿಲ್ಲ. ಅದು ತಪ್ಪಿದರ ವರ್ಷಾನ ಹೋತು. ಪಾಠ, ತಲಾ ಆದಾಯ. ದೇಶದ ಗಳಿಕಿ ಎಲ್ಲಾ ಕೂಡಿಸಿ, ಎಲ್ಲಾರಿಗೂ ಸಮ ಹಂಚಿದರ ತಲಿಗೆ ಎಷ್ಟು ಬರ್ತದ ಅನ್ನೂದು. ನಮ್ಮ ದೇಶದ್ದೂ ಚೀನಾದ್ದೂ, ಅವಾಗಿಂದ ಇವಾಗಿನ ತನಕ. ನಾ ಸಾಲಿ ಮೆಟ್ಟಲ ಹತ್ತಿದಾಕಿ ಅಲ್ಲ, ಆದರೂ ತಾಲೀಮು ನನ್ನ ಮುಂದೇ ನಡೀತು.

ತಲಿ ಎಣಿಸಿದ್ದು

“ಆಯಿ, ಗಳಿಕಿ ಅಂದ್ರ ರೊಟ್ಟಿ ಅಂತ ತಿಳಕೋ. ನಮ್ಮನ್ಯಾಗ ಎಷ್ಟು ತಲಿ?”

ಮನಿ ಮಂದಿನ್ನ ಎಣಿಸಿದೆ. ಭಿಕ್ಷಾಕ್ಕ ಬರೂ ಅಯ್ಯನವರನ್ನ ಹಿಡಿದೆ. ಬಾಗೇವಾಡಿಗೆ ಕೊಟ್ಟ ಮಗಳನ್ನೂ ಹಿಡಿದೆ. ಆಕಿ ಹೆಸರಿಲೆ ರೊಟ್ಟಿ ಬಡಿಯೂದು ಇನ್ನೂ ಬಿಟ್ಟಿಲ್ಲ ನಾ.

“ಅತ್ಯಾ ಬಾಗೇವಾಡಿ ಲೆಕ್ಕದಾಗ ಬರ್ತಾಳ, ಆಯಿ!”

“ಎಲ್ಲಿದವ್ವಾ, ಆಕಿ ಅತ್ತಿ ಆಕಿನ್ನ ಇನ್ನೂ ಲೆಕ್ಕಕ್ಕ ಹಿಡಿದಿಲ್ಲ.”

ಎರಡು ದೇಶ

ನಡುಗ್ವಾಡಿ ಆಚೆ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ ಮನಿ. ಆಕಿ ಬಂದು ಹೊಸ್ತಲದಾಗ ಕುಂತಳು. ಮೊಮ್ಮಗಳು, “ನಮ್ಮನಿ ಭಾರತ, ಸಣ್ಣಾಯಿ, ನಿಮ್ಮನಿ ಚೀನಾ” ಅಂದ್ಲು.

ನೆಗೆಣ್ಣಿಗೆ ಸಿಟ್ಟು ಬಂತು. “ನನ್ನ ಯಾಕ ಹೊರಗ ಹಾಕ್ತೀ? ಅಕ್ಕನ್ನ ಮಾಡು ಚೀನಾ.”

“ಹಂಗಲ್ಲ. ಆಸ್ತಿ ಪಾಲಾದಾಗ ಎರಡೂ ಮನಿ ಸರಿಜೋಡಿ ಇದ್ದವು. ಆಮ್ಯಾಲ ನಾವೂ ಮ್ಯಾಲೆ ಬಂದ್ವಿ, ಖರೆ ನೀವು ಲಿಂಬಿ ತೋಟ ಹಚ್ಚಿ ಲಗೂನ ಮುಂದ ಹೋದ್ರಿ. ಆ ದೇಶಗಳ ಕಥೀನೂ ಹಂಗ. ಚೀನಾ ಮುಂದೈತಿ.”

ನೆಗೆಣ್ಣಿ ಸೆರಗು ಸರಿ ಮಾಡಿಕೊಂಡ್ಲು. “ಇರ್ಲಿ ಬಿಡು, ನಾನೇ ಚೀನಾ.”

ನನಗ ತಡೀಲಿಲ್ಲ. “ಏ ಚೀನಾ, ಯುಗಾದಿಗೆ ಒಯ್ದ ನಮ್ಮ ಜರಡಿ ಮೊದಲ ತಂದ ಕೊಡು!”

ಸರಾಸರಿ

ಅವತ್ತ ರಾತ್ರಿ ನೆಗೆಣ್ಣಿ ಮನ್ಯಾಗ ತಾಲೀಮು ನಡೀತು, ಆಕಿ ಗಂಡ, ನನ್ನ ಮೈದುನನೂ ಉಣ್ಣಾಕ ಕುಂತಿದ್ದ. ಮೊಮ್ಮಗಳು ಅವರ ಮನಿ ರೊಟ್ಟಿ ಕೂಡಿಸಿ, “ಚೀನಾದಾಗ ತಲಿಗೆ ನಾಕು” ಅಂದ್ಲು.

“ನಾ ತಿನ್ನೂದು ಎರಡಲ್ಲ?” ಅಂದ್ಲು ನೆಗೆಣ್ಣಿ.

“ಅದು ಸರಾಸರಿ, ಸಣ್ಣಾಯಿ. ಒಬ್ಬರು ಹೆಚ್ಚು, ಒಬ್ಬರು ಕಡಿಮಿ.”

ನೆಗೆಣ್ಣಿ ಗಂಡನ ತಾಟು ನೋಡಿದ್ಲು. ಅದರಾಗಿನ ಎರಡು ರೊಟ್ಟಿ ಎತ್ತಿ ತನ್ನ ತಾಟಿಗೆ ಹಾಕ್ಕೊಂಡ್ಲು.

ಮೈದುನ ಅಂದ, “ಇಂಥ ಪಾಠ ಕಲಿಸೂದು ಬಿಟ್ಟು ಸರಕಾರದವರಿಗೆ ಬ್ಯಾರೆ ಕೆಲಸ ಇಲ್ಲೇನು?”

ಸಿಂದಗಿ ಸಾಲ್ಯಾಗ

ಪಾಠದ ದಿನ ಬುತ್ತಿ ಕಟ್ಟಿಕೊಂಡು ನಾನೂ ನೆಗೆಣ್ಣಿನೂ ಹೋದ್ವಿ. ಹೊರಗ ಕಟ್ಟಿ ಮ್ಯಾಲ ಕಿಟಕಿ ಹತ್ರ ಕುಂತ್ವಿ. ಮೊಮ್ಮಗಳು ಬೋರ್ಡಿನ ಮ್ಯಾಲ ಎರಡು ಗೆರಿ ಎಳೆದ್ಲು. ಹೊಂಟಿದ್ದು ಜೋಡಿ, ಚೀನಾದ್ದು ಲಗೂನ ಮ್ಯಾಲೇರಿತು, ನಮ್ದು ಸಾವಕಾಶ ಹತ್ತಿತು. ಅಷ್ಟೇ, ಬಾಯಿ ಕಟ್ಟಿತು. ಸಾಹೇಬ್ರು ಗಡಿಯಾರ ನೋಡಿದ್ರು.

ನೆಗೆಣ್ಣಿ ಕಿಟಕ್ಯಾಗ ಮಾರಿ ಇಟ್ಟಳು. “ಅಂಜಬ್ಯಾಡ ಕೂಸ! ಚೀನಾ ಇಲ್ಲೇ ಅದೀನಿ!”

ಮಕ್ಕಳೆಲ್ಲಾ ನಕ್ಕು ಬಿದ್ವು. ಮೊಮ್ಮಗಳೂ ನಕ್ಕಳು. ನಕ್ಕಿದ್ದೇ ತಡ, ರೊಟ್ಟಿ, ಲಿಂಬಿ ತೋಟ, ನಡುಗ್ವಾಡಿ ಎಲ್ಲಾ ಹೇಳಿ ಪಾಠ ಓಡಿಸಿದ್ಲು.

ಸಾಹೇಬ್ರು ಕೇಳಿದ್ರು, “ಸರಾಸರಿ ಏರಿದರ ಎಲ್ಲಾರ ಹೊಟ್ಟಿನೂ ತುಂಬಿದಂಗ ಏನವ್ವಾ?”

“ಇಲ್ರಿ ಸರ್. ಗಂಡನ ತಾಟಿನಾಗ ಕೈ ಹಾಕಬೇಕಾಗ್ತದ್ರಿ.”

ಸಾಹೇಬ್ರು ನಕ್ಕೊಂತ ಹೊರಗ ಬಂದ್ರು. “ಚೀನಾ ಯಾರ್ರಿ?”

“ನಾನ್ರಿ” ಅಂತ ನೆಗೆಣ್ಣಿ ಎದ್ದು ನಿಂತ್ಲು.

“ಭಾರತ?”

ನಾ ಕೈ ಮುಗಿದೆ. “ನಾನ್ರಿ ಸಾಹೇಬ್ರ. ಆಕಿ ಮುಂದ ಅದಾಳ, ಖರೆ. ಬುತ್ತಿ ಗಂಟು ನನ್ನ ಹಂತ್ಯಾಕ ಐತಿ. ಬರ್ರಿ, ಉಣ್ಣೂಣು.”

ಮೊಮ್ಮಗಳು ಪಾಸಾದ್ಲು. ಈಗ ಮುದ್ದೇಬಿಹಾಳ ಕಡೆ ತಂಗಡಗ್ಯಾಗ ಕಲಿಸ್ತಾಳ. ಬಾಗೇವಾಡಿ ಮಗಳಿಗೆ ಅವರತ್ತಿ ಕೀಲಿ ಗೊಂಚಲ ಕೊಟ್ಟಾರ, ಕಡೀಕ ಆಕಿನೂ ಲೆಕ್ಕಕ್ಕ ಬಂದ್ಲು. ಮೈದುನ ಹೆಂಡತಿ ಕಡೆ ಬೆನ್ನ ಮಾಡಿ ಉಣ್ತಾನ. ನೆಗೆಣ್ಣಿನ್ನ ಓಣಿ ಮಂದಿ ಚೀನಾ ಆಯಿ ಅಂತಾರ, ಆಕಿ ಓ ಅಂತಾಳ.

ಜರಡಿ ಇನ್ನೂ ಚೀನಾದಾಗೇ ಐತಿ.