ಗೊಂಬೆಗಳ ಮಡಿಲಕ್ಕಿ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಭಾಷಣದ ಚಟ. ನಾಲ್ಕು ಜನ ಒಂದು ಕಡೆ ನಿಂತಿದ್ದರೆ ಸಾಕು, ಅವರು ಬಸ್ಸಿಗೆ ಕಾಯುತ್ತಿದ್ದಾರೋ ಹೆಣ ಎತ್ತುವುದಕ್ಕೆ ಕಾಯುತ್ತಿದ್ದಾರೋ ಅಂತಲೂ ವಿಚಾರಿಸದೆ ನನ್ನ ಗಂಟಲು ತಾನಾಗಿಯೇ ಸರಿಮಾಡಿಕೊಂಡುಬಿಡುತ್ತದೆ. ಪಕ್ಕದ ಮನೆಯ ನಾಮಕರಣದಲ್ಲಿ ‘ಮಗುವಿನ ಬಗ್ಗೆ ಎರಡು ಮಾತು’ ಅಂತ ಎದ್ದು ನಿಂತವನು, ಮಗುವೂ ಅದರ ಅಜ್ಜಿಯೂ ಒಟ್ಟಿಗೆ ನಿದ್ದೆ ಹೋಗುವ ತನಕ ಕೂರಲಿಲ್ಲ. ಅವತ್ತು ಹಾಕಿದ ಎಲೆಯಲ್ಲಿ ಅನ್ನ ಆರಿಹೋಯಿತು ಅಂತ ಅಡುಗೆಯವನು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ. ನನ್ನ ಹೆಂಡತಿ ಸಾವಿತ್ರಿಗಂತೂ ನನ್ನದು ನೆಗಡಿಯ ಕೆಮ್ಮೋ ಭಾಷಣದ ಕೆಮ್ಮೋ ಅನ್ನುವುದು ಅಡುಗೆಮನೆಯಲ್ಲಿ ಕೂತೇ ಗೊತ್ತಾಗುತ್ತದೆ. ನೆಗಡಿಯದಾದರೆ ಕಷಾಯ ತರುತ್ತಾಳೆ. ಭಾಷಣದ್ದಾದರೆ ಹಿತ್ತಲ ಬಾಗಿಲಿಂದ ಹೊರಗೆ ಹೋಗುತ್ತಾಳೆ.

ತೊಂಬತ್ತರ ದಶಕದ ನಡುವೆ, ಗುಮಾಸ್ತಗಿರಿಯಿಂದ ನಿವೃತ್ತನಾಗಿ ಪಾಂಡವಪುರದಲ್ಲಿ ಕೇಳುವವರಿಲ್ಲದೆ ಸೊರಗುತ್ತಿದ್ದೆ. ಅದೇ ಹೊತ್ತಿಗೆ ಶ್ರೀರಂಗಪಟ್ಟಣದ ಸುಶೀಲಾ ಮೇಡಂ ನಮ್ಮೂರಲ್ಲಿ ಗೊಂಬೆ ಕೇಂದ್ರ ತೆರೆದರು. ಕಬ್ಬು ಕಡಿಯಲು ಕಿಕ್ಕೇರಿ ಕಡೆಯಿಂದ, ದೇವಲಾಪುರದ ಕಡೆಯಿಂದ ಬಂದು ಇಲ್ಲೇ ಗುಡಿಸಲು ಹಾಕಿಕೊಂಡಿದ್ದ ಹೆಂಗಸರು ಅಲ್ಲಿ ಬಟ್ಟೆಯ ಗೊಂಬೆ ಹೊಲಿಯುತ್ತಿದ್ದರು. ನಡುವೆ ದಲ್ಲಾಳಿ ಇಲ್ಲದೆ ಗೊಂಬೆ ಹೊರದೇಶದ ಅಂಗಡಿಗೆ ಹೋಗಬೇಕು, ಹೊಲಿದವಳಿಗೆ ನ್ಯಾಯವಾದ ಕೂಲಿ ಸಿಗಬೇಕು, ಅವಳ ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಊಟ, ಪಾಠ ಆಗಬೇಕು. ಇದು ಮೇಡಂ ಅವರ ಲೆಕ್ಕಾಚಾರ. ನನ್ನನ್ನು ಮೇಲ್ವಿಚಾರಕನಾಗಿ ಕರೆದರು. ಸೂಜಿಗೆ ದಾರ ಪೋಣಿಸಲು ಬಾರದ ನಾನು ಒಪ್ಪಿದೆ. ಸಂಬಳಕ್ಕಲ್ಲ. ಅಲ್ಲಿ ಹೆಂಗಸರು ದಿನವಿಡೀ ಒಂದೇ ಕಡೆ ಕೂತಿರುತ್ತಾರೆ, ಎದ್ದು ಹೋಗುವ ಹಾಗಿಲ್ಲ. ನನ್ನಂಥವನಿಗೆ ಇದಕ್ಕಿಂತ ಏನು ಬೇಕು?

ಮೊದಲ ದೊಡ್ಡ ಆರ್ಡರು ಬಂತು. ಸೀರೆ ಉಟ್ಟ ಗೊಂಬೆಗಳು, ಪೆಟ್ಟಿಗೆಗಟ್ಟಲೆ. ಮೇಡಂ ನನ್ನೊಬ್ಬನನ್ನೇ ಕರೆದು, “ಮಾಲು ಚೊಕ್ಕವಾಗಿ ಹೋಗಬೇಕು. ಒಳಗೆ ಒಂದು ಹುಳ, ಒಂದು ಕಾಳು ಸಿಕ್ಕರೂ ಹೊರದೇಶದ ಬಂದರಿನವರು ಪೂರ್ತಿ ಮಾಲನ್ನೇ ಸುಟ್ಟುಹಾಕ್ತಾರೆ. ಇದು ಕೈಬಿಟ್ಟರೆ ಮಕ್ಕಳ ಕೋಣೆ ನಡೆಸೋಕೆ ನನ್ನ ಹತ್ರ ಬೇರೆ ದಾರಿ ಇಲ್ಲ” ಅಂದರು. ಇಷ್ಟನ್ನು ಇದ್ದ ಹಾಗೇ ಹೆಂಗಸರಿಗೆ ಹೇಳಿದ್ದರೆ ಮುಗಿದಿತ್ತು. ಆದರೆ ಹುಳದ ವಿಷಯ, ಕಾಳಿನ ವಿಷಯ ಭಾಷಣಕ್ಕೆ ಒಗ್ಗುತ್ತದೆಯೇ? ಅದನ್ನು ಬಿಟ್ಟುಬಿಟ್ಟೆ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, “ತಾಯಂದಿರೇ, ಇವು ಗೊಂಬೆಗಳಲ್ಲ, ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳು! ಇವರನ್ನು ದೂರದ ದೇಶಕ್ಕೆ, ಕೊಟ್ಟ ಮನೆಗೆ ಕಳಿಸುತ್ತಿದ್ದೀರಿ. ತವರಿನ ಮರ್ಯಾದೆ ಕಾಪಾಡಿ!” ಅಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಜನ್ಮದಲ್ಲಿ ಮೊದಲ ಸಲ ನನ್ನ ಭಾಷಣ ಯಾರಿಗೋ ತಾಗಿತ್ತು. ಆ ಖುಷಿಗೆ ಎರಡು ಮಸಾಲೆ ದೋಸೆ ತಿಂದು ಮನೆಗೆ ಹೋದೆ.

ಲಾರಿ ಬರುವ ಹಿಂದಿನ ದಿನ ಬೆಳಗ್ಗೆ ಕೇಂದ್ರಕ್ಕೆ ಬಂದು ನೋಡುತ್ತೇನೆ, ಕಟ್ಟಿಟ್ಟ ಪೆಟ್ಟಿಗೆಗಳ ಕಡೆಗೆ ಇರುವೆಗಳ ಸಾಲು. ಯಾರೋ ಕಾಫಿ ಚೆಲ್ಲಿರಬೇಕು ಅಂತ ಗೊಣಗಿಕೊಂಡೇ ಒಂದು ಪೆಟ್ಟಿಗೆ ಬಿಚ್ಚಿದೆ. ಗೊಂಬೆಯ ಮಡಿಲಲ್ಲಿ ಚಿಂದಿ ಬಟ್ಟೆಯ ಪುಟ್ಟ ಗಂಟು. ಗಂಟಿನೊಳಗೆ ಚಿಟಿಕೆ ಅಕ್ಕಿ, ಬೆಲ್ಲದ ಚೂರು, ಕೊಬ್ಬರಿ ಚೂರು, ಅರಿಶಿನ. ಇನ್ನೊಂದು ಗೊಂಬೆ ಎತ್ತಿದೆ, ಅದಕ್ಕೂ. ಪೆಟ್ಟಿಗೆ ಪೂರ್ತಿ ಮಡಿಲು ತುಂಬಿಸಿಕೊಂಡ ಮುತ್ತೈದೆಯರೇ!

“ಯಾರ ಕೆಲಸ ಇದು?” ಅಂತ ಕೂಗಾಡಿದೆ. ಎಲ್ಲರಿಗಿಂತ ಹಿರಿಯಳು ಲಕ್ಕಮ್ಮ, ದೇವಲಾಪುರದ ಕಡೆಯವಳು, ಸೂಜಿ ಕೆಳಗಿಡದೆಯೇ ಹೇಳಿದಳು: “ನಾವೇ ಮಾಡ್ದೋ ಕಣ್ ಸಾ. ಎಣ್ಮಗಳ್ನ ಯಾರಾರಾ ಬರೀ ಮಡ್ಲಲ್ಲಿ ಕಳುಸ್ತರಾ? ಕೊಟ್ಟ ಮನೆಗೆ ವಾಯ್ತಾವೆ ಅಂತ ನೀವೇ ಏಳುದ್ರಲ್ಲ!”

“ನಾನು ಹೇಳಿದ್ದು ಮಾತಿಗೆ ಕಣಮ್ಮ! ಅದರಲ್ಲಿರೋದು ಬಟ್ಟೆ, ಹತ್ತಿ!”

“ಅಂಗಂತ ಅವತ್ತು ಏಳ್ನಿಲ್ವಲ್ಲ ನೀವು,” ಅಂದಳು ಲಕ್ಕಮ್ಮ.

ಬಂದರು, ಹುಳ, ಬೆಂಕಿ ಎಲ್ಲವನ್ನೂ ಆಗ ಹೇಳಿದೆ. ಮಕ್ಕಳ ಕೋಣೆ ಮುಚ್ಚಬೇಕಾಗುತ್ತದೆ ಅಂದಾಗ ಅವರ ಮುಖವೂ ಇಳಿಯಿತು. ಗೋಡೆಯಾಚೆ ಮಕ್ಕಳು ಮಗ್ಗಿ ಒಪ್ಪಿಸುತ್ತಿದ್ದುದು ಕೇಳುತ್ತಿತ್ತು. “ಹಾಗಾದರೆ ಬೇಗ ಬೇಗ ಗಂಟು ಬಿಚ್ಚಿ” ಅಂದೆ. ಒಂದು ಕೈಯೂ ಅಲ್ಲಾಡಲಿಲ್ಲ.

“ತುಂಬಿದ ಮಡ್ಲ ನಾವೇ ಬರಿದು ಮಾಡಾದಾ? ಬುಡ್ತು ಅನ್ನಿ ಸಾ!” ಅಂತ ಲಕ್ಕಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. “ಮಡ್ಲಕ್ಕಿ ಬುಚ್ಚಾದೇನಿದ್ರೂ ಗಂಡಿನ ಮನೇಲಿ.”

ನಿಮ್ಮ ಮೂಢನಂಬಿಕೆಗೆ ಬೆಂಕಿ ಬೀಳಲಿ, ನಾನೇ ಬಿಚ್ಚುತ್ತೇನೆ ಅಂತ ಒಂದು ಗೊಂಬೆ ಕೈಗೆತ್ತಿಕೊಂಡೆ. ವಿಚಾರವಾದದ ಮೇಲೆ ಎಷ್ಟೊಂದು ಭಾಷಣ ಮಾಡಿದ್ದೇನೆ ನಾನು! ಆದರೆ ಆ ಹಾಳು ಗೊಂಬೆ ನನ್ನನ್ನೇ ನೋಡುತ್ತಿತ್ತು. ಬೆರಳು ಗಂಟಿನ ತನಕ ಹೋಯಿತು, ಮುಂದಕ್ಕೆ ಹೋಗಲೊಲ್ಲದು. ಮೆಲ್ಲಗೆ ಅದನ್ನು ಇದ್ದಲ್ಲೇ ಮಲಗಿಸಿ, ಸೆರಗು ಸರಿಮಾಡಿ, “ಇರಿ, ಬಂದೆ” ಅಂತ ಚಪ್ಪಲಿ ಮೆಟ್ಟಿಕೊಂಡು ಮನೆ ಕಡೆಗೆ ಓಡಿದೆ.

ಸಾವಿತ್ರಿ ಎಲ್ಲಾ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಗಂಡಿನ ಮನೆ ತಾನೇ ಬೇಕು? ನಮ್ಮನೆಗೇ ಕರ್ಕೊಂಡು ಬನ್ನಿ” ಅಂದಳು.

“ಲೇ, ನಮಗೆ ಗಂಡುಮಕ್ಕಳೆಲ್ಲಿದ್ದಾರೆ?”

“ಅವು ಮಾತ್ರ ಹೆಣ್ಣುಮಕ್ಕಳೇನ್ರೀ? ಹೋಗಿ, ಹೊತ್ತಾಗುತ್ತೆ.”

ಅವತ್ತು ಮಧ್ಯಾಹ್ನ ಪಾಂಡವಪುರದ ಪೇಟೆ ಬೀದಿಯಲ್ಲಿ ನಡೆದ ದಿಬ್ಬಣವನ್ನು ನೋಡಿದವರು ಇನ್ನೂ ಇದ್ದಾರೆ, ಸಿಕ್ಕಿದಾಗಲೆಲ್ಲ ನೆನಪಿಸುತ್ತಾರೆ. ಎತ್ತಿನ ಗಾಡಿಯಲ್ಲಿ ಪೆಟ್ಟಿಗೆಗಳು, ಹಿಂದೆ ಹೆಂಗಸರು, ಅವರ ಹಿಂದೆ ಪಾಠ ಬಿಟ್ಟ ಮಕ್ಕಳು, ಎಲ್ಲಕ್ಕೂ ಮುಂದೆ ಕೊಡೆ ಹಿಡಿದ ನಾನು. ಸಾವಿತ್ರಿ ಹೊಸಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎಲ್ಲರ ಪರವಾಗಿ ಒಂದು ಗೊಂಬೆ ಅಕ್ಕಿಯ ಸೇರು ಒದ್ದು ಬಲಗಾಲಿಟ್ಟು ಒಳಗೆ ಬಂತು. ಒದೆಯಲು ಅದರ ಕಾಲು ಹಿಡಿದುಕೊಂಡಿದ್ದವನು ನಾನೇ. ಆಮೇಲೆ ಸಾವಿತ್ರಿ ಕೂತು ಒಂದೊಂದೇ ಗಂಟು ಬಿಚ್ಚಿದಳು. ನಾನು ಗೊಂಬೆಗಳ ಮೇಲಿನ ಇರುವೆ ಕೊಡವಿ ಚಾಪೆಯ ಮೇಲೆ ಬಿಸಿಲಿಗೆ ಮಲಗಿಸಿದೆ. ಹೆಣ್ಣಿನ ಕಡೆಯವರು ಜಗುಲಿಯ ಮೇಲೆ ಕಾಲು ಚಾಚಿ ಕೂತು, “ಬೀಗ್ರೆ, ಮೆತ್ತಗೆ ಮುಟ್ಟಿ! ಬೀಗ್ರೆ, ಎಲಡಿಕೆ ಎಲ್ಲಿ?” ಅಂತ ದಬಾಯಿಸುತ್ತಿದ್ದರು. ಬೆಳಗ್ಗೆ ಇವರ ಮೇಲೆ ಕೂಗಾಡಿದ್ದ ಮೇಲ್ವಿಚಾರಕ ಎಲೆಅಡಿಕೆ ತಟ್ಟೆ ಹಿಡಿದು ಸುತ್ತಿದ. ಅಕ್ಕಿ ಬೆಲ್ಲ ಕೂಡಿಸಿ ಸಾವಿತ್ರಿ ಮಾಡಿದ ಪಾಯಸವನ್ನು ಮಕ್ಕಳು ಪಾತ್ರೆ ತಳ ಕೆರೆಯುವ ತನಕ ತಿಂದರು. ನನಗೆ ಉಳಿಯಲಿಲ್ಲ.

ಮಾರನೆಯ ದಿನ ಲಾರಿಯೊಂದಿಗೆ ಕೇಂದ್ರಕ್ಕೆ ಬಂದ ಮೇಡಂ, ರಾತ್ರಿಯೇ ವಾಪಸು ತಂದಿಟ್ಟಿದ್ದ ಒಂದೊಂದು ಪೆಟ್ಟಿಗೆಯನ್ನೂ ತೆಗೆಸಿ ನೋಡಿದರು. “ಅಚ್ಚುಕಟ್ಟಾಗಿದೆ” ಅಂದರು. ನಡೆದದ್ದನ್ನು ಹೇಳಬೇಕು ಅಂತ ನಾನು ಕೆಮ್ಮಿದ್ದೇ ತಡ, ಕಳಿಸಿಕೊಡಲು ಬಂದಿದ್ದ ಸಾವಿತ್ರಿ ಹಿಂದಿನಿಂದ ಅಂಗಿ ಜಗ್ಗಿದಳು. ಪೆಟ್ಟಿಗೆಗಳು ಲಾರಿ ಹತ್ತಿದವು. ಮಕ್ಕಳ ಕೋಣೆ ಉಳಿಯಿತು ಅಂತ ಹೆಂಗಸರು ನಗುನಗುತ್ತಾ ಕೈಬೀಸಿದರು. ಲಾರಿ ತಿರುವಿನಲ್ಲಿ ಮರೆಯಾಗುವುದಕ್ಕೂ ಮೊದಲೇ ಒಳಗೆ ಹೋಗಿ, ಮುಂದಿನ ಆರ್ಡರಿಗೆ ಬಟ್ಟೆ ಕತ್ತರಿಸತೊಡಗಿದರು.

ರಸ್ತೆಯಲ್ಲಿ ಒಬ್ಬನೇ ನಿಂತಿದ್ದೆ. ಏನಾಯಿತೋ ಹಾಳಾದ್ದು, ಕನ್ನಡಕ ಮಂಜಾಯಿತು. ಒರೆಸಿದೆ, ಮತ್ತೆ ಮಂಜಾಯಿತು. ಆಮೇಲೆ ಮೂಗೂ ಶುರುವಾಯಿತು. ಗುರುತು ಪರಿಚಯ ಇಲ್ಲದ ಊರು, ಅಲ್ಲಿ ಹೇಗೆ ನೋಡಿಕೊಳ್ಳುತ್ತಾರೋ ಏನೋ ಅಂತ, ನಾಚಿಕೆಗೇಡು, ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಸದ್ದು ಕೇಳಿ ಹೊರಗೆ ಬಂದ ಲಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಒಂದು ಗಳಿಗೆ ನನ್ನನ್ನೇ ನೋಡಿದಳು.

“ಇದೇನ್ ಬೀಗ್ರೆ, ಎಣ್ ಎತ್ತೋರೇ ಸುಮ್ಕವ್ರೆ!” ಅಂದಳು. ಆಮೇಲೆ ಒಂದು ಲೋಟ ನೀರು ತಂದು ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವ ತನಕ ಕಾದಳು. “ಮುಂದಿನ್ ಕಿತ ಎಣ್ಣು ಕಳ್ಸೋ ದಿನ ನೀವು ರಜ ತಗಳಿ. ನಿಮ್ನ ಸಮಾಧಾನ ಮಾಡ್ತಾ ಕುಂತ್ರೆ ನಮ್ ಕೆಲ್ಸ ಕೆಡ್ತದೆ.”