ಮಾಮಾ ಇಳಿಸಿದ ಮಂದಿಯ ಲೆಕ್ಕ

ನಮ್ಮ ಮಾಮಾ ಜಗತ್ತಿನಲ್ಲಿ ಎಲ್ಲವನ್ನೂ ನಂಬುತ್ತಿದ್ದರು. ದೆವ್ವವನ್ನು ನಂಬುತ್ತಿದ್ದರು, ಹವಾಮಾನ ವರದಿಯನ್ನು ನಂಬುತ್ತಿದ್ದರು, ಅಷ್ಟೇ ಏಕೆ, ನನ್ನನ್ನೂ ನಂಬುತ್ತಿದ್ದರು! ತಲೆಯ ಮೇಲೆ ನಾಲ್ಕು ಕಂಬಳಿ ಹೊತ್ತು ಹೊರಟು ಮಹಾರಾಷ್ಟ್ರದ ಜತ್ತಿನ ಪೇಟೆಯಲ್ಲಿ ಸ್ವಂತ ಅಂಗಡಿ ಹಾಕಿದ ನನ್ನಂಥವನ ಮಾತನ್ನು ನಂಬುವುದೆಂದರೆ ಸಾಮಾನ್ಯವೇ? ಆದರೆ "ಇಷ್ಟು ಸಾವಿರ ಜನ ನೋಡಿದರು" ಎಂಬ ಒಂದು ಮಾತನ್ನು ಮಾತ್ರ ಅವರು ಕೊನೆಯವರೆಗೂ ನಂಬಲಿಲ್ಲ.

ಮಾಮಾ ಅಂದರೆ ನನ್ನ ತಾಯಿಯ ತಮ್ಮ. ಊರು ಕರಜಗಿ, ಉದ್ಯೋಗ ಕುರಿ ದಲಾಲಿ. ಮಾಡಗ್ಯಾಳದ ಡೊಂಕು ಮೂಗಿನ ಕುರಿಗಳನ್ನು ಹಟ್ಟಿಯ ಸಂದಿಯಿಂದ ಎರಡೆರಡಾಗಿ ಹೊರಗೆ ಬಿಟ್ಟು ಎಣಿಸುವಾಗ ಮಾರುವವನೂ ಎಣಿಸಬಾರದು, ಕೊಳ್ಳುವವನೂ ಎಣಿಸಬಾರದು, ನಡುವೆ ನಿಂತ ಮೂರನೆಯವನು ಎಣಿಸಬೇಕು ಎಂಬುದು ಅವರ ಕಾಯಿದೆ. ಮಾರುವವನು ಎಣಿಸಿದರೆ ಕುರಿಗಳು ಸಂದಿಯಲ್ಲೇ ಮರಿ ಹಾಕುತ್ತವಂತೆ! ಬೆಲೆಯ ಮಾತಂತೂ ಬಾಯಿಂದ ಆಡುತ್ತಲೇ ಇರಲಿಲ್ಲ. ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಎದುರಿನವನ ಕೈಮೇಲೆ ಹಾಕಿ, ಅದರ ಮರೆಯಲ್ಲಿ ಬೆರಳು ಹಿಡಿದು ಒತ್ತುತ್ತಿದ್ದರು. ಬೆರಳಿಗೊಂದು ಲೆಕ್ಕ. ಸುತ್ತ ನಿಂತವರಿಗೆ ಒಂದೂ ತಿಳಿಯುವುದಿಲ್ಲ. ಸೌದಾ ಮುಗಿದರೆ ವಲ್ಲಿಯನ್ನು ಒಮ್ಮೆ ಕೊಡವಿ ಹೆಗಲಿಗೆ ಹಾಕುತ್ತಿದ್ದರು. ಆಮೇಲೆ ದೇವರು ಬಂದು ಕೇಳಿದರೂ ಆ ಮಾತು ಮತ್ತೆ ಎತ್ತುವಂತಿಲ್ಲ. ವ್ಯಾಪಾರ ಕಲಿಯುವ ಹುಡುಗರಿಗೆ ನಾನು ಇಂದಿಗೂ ಹೇಳುವುದು ಇದನ್ನೇ: ಮುಗಿದ ಮಾತನ್ನು ಮುಗಿಸಲು ಕಲಿಯಿರಿ.

ಇನ್ನೊಂದು ಚಟವಿತ್ತು. ಸುತ್ತಲಿನ ಹತ್ತು ಹಳ್ಳಿಗಳಲ್ಲಿ ಯಾರು ಸತ್ತರೂ ಮಾಮಾ ಮಣ್ಣಿಗೆ ಹೋಗುತ್ತಿದ್ದರು. ಪರಿಚಯ ಬೇಕಾಗಿರಲಿಲ್ಲ. ಮದುವೆಯ ಊಟ ತಪ್ಪಿಸಿಯಾರು, ಮಣ್ಣು ತಪ್ಪಿಸುತ್ತಿರಲಿಲ್ಲ! ಹೋಗುವಾಗ ಬಿಗಿದಿದ್ದ ಮುಖ ಬರುವಾಗ ಒಂದಿಷ್ಟು ಸಡಿಲಾಗಿರುತ್ತಿತ್ತು. ಇದೆಂಥ ಮನುಷ್ಯನಪ್ಪಾ ಎಂದು ಮನೆಮಂದಿಯೆಲ್ಲ ನಗುತ್ತಿದ್ದೆವು.

ತೊಂಬತ್ತರ ದಶಕದಲ್ಲಿ ನಮ್ಮ ಪೇಟೆಗೆ ಕೇಬಲ್ ಬಂತು. ಕೇಬಲ್‌ನವನು ಒಂದು ರವಿವಾರ ಮುಂಜಾನೆ ತನ್ನ ತಗಡಿನ ಶೆಡ್ಡಿನಲ್ಲಿ ಟಿವಿ ಇಟ್ಟು, ತಲೆಗೆ ಐದು ರೂಪಾಯಿ ತಿಕೀಟು ಹಚ್ಚಿ, ಅಮೆರಿಕದ ಬಾಕ್ಸಿಂಗ್ ತೋರಿಸಿದ. ಮಾಮಾನನ್ನು ಕರೆದುಕೊಂಡು ಹೋದೆ. ಇಬ್ಬರಿಗೆ ಎಂಟು ರೂಪಾಯಿಗೆ ಮುಗಿಸಿದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಆಟ ಎರಡನೇ ಸುತ್ತಿಗೇ ಮುಗಿಯಿತು. ಗೋಡೆಯಂಥ ಆಳು ಬೆನ್ನ ಮೇಲೆ ಬಿದ್ದ, ಶೆಡ್ಡೆಲ್ಲ ಸಿಳ್ಳೆ. ಮಾಮಾ ಮಾತ್ರ ಟಿವಿಗೆ ಬೆನ್ನು ಹಾಕಿ ನಿಂತಿದ್ದರು. ಜನರನ್ನು ಎಣಿಸುತ್ತಿದ್ದರು!

ಸಂಜೆಯೊಳಗೆ ಕೇಬಲ್‌ನವನು ಮುನ್ನೂರು ಜನ ನೋಡಿದರೆಂದು ಪೇಟೆಯೆಲ್ಲ ಸಾರಿದ. ಮಾಮಾ ಅವನನ್ನು ನನ್ನ ಅಂಗಡಿಯ ಮುಂದೆಯೇ ಹಿಡಿದರು.

"ತಮ್ಮಾ, ನಿನ್ನ ಶೆಡ್ಡಿನ್ಯಾಗ ಮುನ್ನೂರು ಕುರಿನೂ ಹಿಡಿಯಂಗಿಲ್ಲ. ಕುರಿಯರ ಒಂದರ ಮ್ಯಾಲೊಂದು ತಲಿ ಇಟ್ಟು ನಿಂದರ್ತಾವ, ಮಂದಿ ನಿಂದರಂಗಿಲ್ಲ. ನಾ ಎಣಿಸೀನಿ, ಅರವತ್ತೆರಡು."

"ಜಾಸ್ತಿ ಹೇಳಿದ್ರ ಮುಂದಿನ ಸಲ ಜಾಸ್ತಿ ಬರ್ತಾರ ಕಾಕಾ. ನಿಮಗೇನು ತ್ರಾಸ ಅದರಾಗ?"

"ಬಿದ್ದಾಂವನ್ನ ನೋಡಿದವರು ಅರವತ್ತೆರಡು ಮಂದಿ. ಉಳಿದವರನ್ನ ಎಲ್ಲಿಂದ ತಂದಿ?"

ಕೇಬಲ್‌ನವನು ನಕ್ಕ, ನಾನೂ ನಕ್ಕೆ. ಆ ಮಾತಿನಲ್ಲಿ ಮಾಮಾ ಐದು ರೂಪಾಯಿಯ ತಿಕೀಟಿನ ಬಗ್ಗೆ ಏನೂ ಹೇಳಿರಲಿಲ್ಲ, ಬಿದ್ದವನ ಬಗ್ಗೆ ಮಾತ್ರ ಹೇಳಿದ್ದರು. ಅದು ನನ್ನ ಕಿವಿಗೆ ಬಿದ್ದಿತು, ತಲೆಗೆ ಹೋಗಲಿಲ್ಲ.

ವಾರದೊಳಗೆ ಮರಾಠಿ ಪೇಪರಿನಲ್ಲಿ ಸುದ್ದಿ ಬಂತು. ಅಮೆರಿಕದಲ್ಲಿ ಅದೇ ಆಟವನ್ನು ಇಷ್ಟು ಲಕ್ಷ ಮನೆಯವರು ಪ್ರತ್ಯೇಕ ಹಣ ಕಟ್ಟಿ ಮನೆಯಲ್ಲೇ ಕೂತು ನೋಡಿದರಂತೆ. ಮಾಮಾ ಪೇಪರು ಹಿಡಿದು ಅಂಗಡಿಗೆ ಬಂದರು. ಎಣಿಸಿದವರು ಯಾರು ಎಂದು ಕೇಳಿದರು. ಮಾರಿದ ಕಂಪನಿಯವರೇ ಇರಬೇಕು ಎಂದೆ. "ಮಾರಾಂವನಽ ಎಣಿಸ್ಯಾನೇನು?" ಎಂದು ಅವರು ನನ್ನನ್ನೇ ಕಳ್ಳನಂತೆ ನೋಡಿದರು! ಆಮೇಲೆ ಆ ಲಕ್ಷಗಳನ್ನು ಇಳಿಸಲು ಕೂತರು. ರೊಕ್ಕ ಕಟ್ಟಿ ನಿದ್ದೆ ಹೋದವರನ್ನು ತೆಗಿ ಎಂದರು. ಕರೆಂಟು ಹೋದ ಮನೆಗಳನ್ನು ತೆಗಿ. ಆಟ ಎರಡೇ ಸುತ್ತಿನದು, ಚಹಾ ತರಲು ಎದ್ದವರನ್ನೂ ತೆಗಿ. ಸಾಲದೆಂದು ನನ್ನಿಂದ ಪೇಪರಿನವರಿಗೆ ಮರಾಠಿಯಲ್ಲಿ ಒಂದು ಕಾರ್ಡು ಬರೆಸಿದರು: ಸಂದಿಯಲ್ಲಿ ನಿಂತು ಎಣಿಸಿದ ಮೂರನೆಯವನು ಯಾರು? ಉತ್ತರ ಬರಲಿಲ್ಲ. ಉತ್ತರ ಬಾರದ್ದನ್ನೇ ಮಾಮಾ ಒಪ್ಪಿಗೆ ಎಂದು ತಿಳಿದು ಸಂತೋಷಪಟ್ಟರು.

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಚೌಕಾಸಿಯಲ್ಲಿ ಸೋಲುವುದು ನನ್ನ ಜಾಯಮಾನವಲ್ಲ. ಒಂದು ದಿನ ಅಂದುಬಿಟ್ಟೆ:

"ಮಾಮಾ, ನೀವು ಬರೇ ಇಳಸ್ತೀರಿ. ಒಂದು ಮನ್ಯಾಗ ಹತ್ತು ಮಂದಿ ಕುಂತು ನೋಡಿದ್ರ? ಬಾಜೂ ಮನಿಯವರು ಬಂದಿದ್ರ? ಲೆಕ್ಕ ಏರತದಲ್ರೀ."

ಮಾಮಾ ಪೇಪರು ಮಡಿಚಿ ಎದ್ದು ಹೋದರು. ಎಂಟು ದಿನ ಅಂಗಡಿಯ ಕಡೆ ಸುಳಿಯಲಿಲ್ಲ. ನಿಮಗೊಂದು ಬುದ್ಧಿಮಾತು: ವಾದ ಗೆದ್ದಾಗ ಒಮ್ಮೆ ಎದುರಿನವರ ಮುಖ ನೋಡಿ. ನಾನು ಆಗ ಮುಂದಿನ ಗಿರಾಕಿಯ ಮುಖ ನೋಡುತ್ತಿದ್ದೆ.

ಅವ್ವನಿಗೆ ವಿಷಯ ತಿಳಿಯಿತು. ಆಕೆ ಬೈಯಲಿಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಶೇಗಾಂವದ ಕುಸ್ತಿ ಮರತಿಯೇನು? ನೀನೂ ಅಲ್ಲಿದ್ದಿ" ಎಂದಳಷ್ಟೇ.

ಮರೆತಿರಲಿಲ್ಲ. ಅದರ ಬಗ್ಗೆ ಯೋಚಿಸಿರಲಿಲ್ಲ, ಅಷ್ಟೇ. ಆಗ ನನಗೆ ಆರು ವರ್ಷ, ಅಪ್ಪನ ಹೆಗಲ ಮೇಲೆ ಕೂತಿದ್ದೆ. ಮಾಮಾ ಆಗ ಪೈಲ್ವಾನರು. ಊರೆಲ್ಲ ಕೂಡಿ ಒಂದು ವರ್ಷ ಹಾಲು, ಬಾದಾಮಿ, ತುಪ್ಪ ತಿನ್ನಿಸಿ ಬೆಳೆಸಿದ ಆಳು. ತಲೆಗೆ ಪಟಗ ಸುತ್ತಿಕೊಳ್ಳುವಷ್ಟು ಹೊತ್ತು ಕೂಡ ಆಗಲಿಲ್ಲ, ಮಾಮಾನ ಬೆನ್ನಿಗೆ ಮಣ್ಣು ಹತ್ತಿತ್ತು. ಬಿದ್ದವರು ಏಳಲಿಲ್ಲ. ಏಟು ಬಿದ್ದಿರಲಿಲ್ಲ, ಸುಮ್ಮನೆ ಆಕಾಶ ನೋಡುತ್ತ ಮಲಗಿದ್ದರು. ಎಬ್ಬಿಸಿ ಕೂಡಿಸಿದಾಗ ಮೈದಾನವನ್ನೆಲ್ಲ ಒಮ್ಮೆ ನೋಡಿದರು. ಆ ನೋಟ ಸುತ್ತಿ ಸುತ್ತಿ ಬಂದು ನನ್ನ ಮೇಲೆ ನಿಂತಿತ್ತು.

ಐವತ್ತು ಸಾವಿರ ಜನ ನೋಡಿದರೆಂದು ಮರುದಿನ ಪೇಪರಿನಲ್ಲಿ ಬಂತು. ಆಮೇಲೆ ಮಾಮಾ ಎಲ್ಲಿ ಚಹಾಕ್ಕೆ ಕೂತರೂ ಯಾರೋ ಒಬ್ಬರು, ನಾ ನೋಡೀನ್ರೀ ನಿಮ್ಮ ಕುಸ್ತಿ, ಅನ್ನುತ್ತಿದ್ದರು. ಮಾಮಾ ಮತ್ತೆ ಕಣಕ್ಕೆ ಇಳಿಯಲಿಲ್ಲ, ಕುರಿ ಹಿಂದೆ ಹೋದರು. ಅಂದರೆ ಅಂದಿನಿಂದ ಮಾಮಾ ಚೌಕಾಸಿ ಮಾಡುತ್ತ ಬಂದದ್ದು ಆ ಐವತ್ತು ಸಾವಿರದ ಮೇಲೆ! ಮರದ ಮರೆಯಲ್ಲಿದ್ದವರನ್ನು ತೆಗೆದರು, ಶೇಂಗಾ ಕೊಳ್ಳಲು ಹೋದವರನ್ನು ತೆಗೆದರು, ಮುಂದಿನವನ ಪಟಗ ಅಡ್ಡ ಬಂದವರನ್ನು ತೆಗೆದರು. ಉಳಿದವರು ಸತ್ತಾಗ ಒಬ್ಬೊಬ್ಬರ ಮಣ್ಣಿಗೂ ತಾವೇ ಹೋಗಿಬಂದರು. ಹಾಗೆ ಇಳಿಸುತ್ತಿದ್ದವರಿಗೆ, ಲೆಕ್ಕ ಏರುತ್ತದೆ ಎಂದು ನಾನು ಹೇಳಿದ್ದೆ.

ಕೆಲವು ವರ್ಷಗಳ ಮೇಲೆ ಪೇಪರಿನ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಬಂತು. ಬಾಕ್ಸಿಂಗ್‌ನ ಆ ಲಕ್ಷಗಳ ಬಗ್ಗೆ ಅಲ್ಲಿಯವರಿಗೇ ಅನುಮಾನವಂತೆ. ಲೆಕ್ಕ ಹೇಳುವವರು ಆಟ ನಡೆಸಿದವರೇ, ಹೊರಗಿನವರಿಗೆ ಅದನ್ನು ತೋರಿಸುವುದಿಲ್ಲವಂತೆ. ಅಂಗಡಿಗೆ ಬಾಗಿಲು ಹಾಕಿ ಕರಜಗಿಗೆ ಹೋಗಿ ಓದಿ ಹೇಳಿದೆ. ಸಂತೆಯ ದಿನ ಅಂಗಡಿ ಮುಚ್ಚಿದ್ದು ಅದೊಂದೇ ಸಲ. ಮಾಮಾ ಮೂರು ಸಲ ಓದಿಸಿದರು. ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಆದರೆ ಅವರು ಕೇಳಿದ್ದು:

"ಬಿದ್ದಾಂವಗ ಈ ಸುದ್ದಿ ಮುಟ್ಟಿಸ್ಯಾರೇನು?"

ಅಪ್ಪ ಹೋದ, ಅವ್ವನೂ ಹೋದಳು. ಮಾಮಾ ಹಾಸಿಗೆ ಹಿಡಿದರು. ಪಾರ್ಶ್ವವಾಯು ಬಡಿದು ಮಾತು ನಿಂತಿತು. ಒಂದು ಮಧ್ಯಾಹ್ನ ಹೋಗಿ ಪಕ್ಕದಲ್ಲಿ ಕೂತೆ. ಇನ್ನೂ ಆಡುತ್ತಿದ್ದ ಎಡಗೈಯಿಂದ ಅವರು ವಲ್ಲಿಯನ್ನು ಎಳೆದು ನನ್ನ ಕೈಮೇಲೆ ಹಾಕಿದರು. ಅದರ ಕೆಳಗೆ ನನ್ನ ಕೈ ಹುಡುಕಿದರು. ಮಾಮಾನ ಹೆಂಡತಿ, ನಮ್ಮ ಅತ್ತಿ, ಬಾಗಿಲಲ್ಲಿ ನಿಂತು, ಇನ್ನೂ ಕುರಿ ವ್ಯಾಪಾರ ಬಿಟ್ಟಿಲ್ಲ ನೋಡು, ಎಂದು ಕಣ್ಣೊರೆಸಿಕೊಂಡರು.

ಮಾಮಾ ಒಂದೇ ಒಂದು ಬೆರಳು ನನ್ನ ಅಂಗೈಯಲ್ಲಿಟ್ಟು ಒತ್ತಿದರು. ಒತ್ತಿ ನನ್ನ ಮುಖ ನೋಡಿದರು. ಆ ದಿನ ಮಣ್ಣಿನಿಂದ ಮೇಲೆ ನೋಡಿದ ಹಾಗೆಯೇ.

ಐವತ್ತು ಸಾವಿರವನ್ನು ಅವರು ಒಂದಕ್ಕೆ ತಂದು ನಿಲ್ಲಿಸಿದ್ದರು. ನೋಡಿದವರಲ್ಲಿ ಉಳಿದ ಆ ಒಬ್ಬ ನಾನು. ಅದರ ಕೆಳಗೆ ಇಳಿಸುವುದು ಅವರ ಕೈಯಲ್ಲಿರಲಿಲ್ಲ, ನನ್ನ ಕೈಯಲ್ಲಿತ್ತು. ಹೇಳಿದ ಬೆಲೆಯಿಂದ ಕೆಳಗಿಳಿಯದವನೆಂದು ಪೇಟೆಯಲ್ಲಿ ಹೆಸರು ಮಾಡಿದವನು ನಾನು. ಆ ಬೆರಳನ್ನು ಹಿಡಿದೆ. ಮೆಲ್ಲಗೆ ಮಡಿಚಿ ಅವರ ಅಂಗೈಯೊಳಗೇ ಇಟ್ಟೆ.

ಮಾಮಾ ನನ್ನನ್ನು ನೋಡುತ್ತಲೇ ಇದ್ದರು. ನಾನು ಕಣ್ಣು ತೆಗೆಯಲಿಲ್ಲ.

"ಎಷ್ಟಕ್ಕ ಮುಗೀತಪ್ಪಾ?" ಎಂದು ಅತ್ತಿ ಕೇಳಿದರು.

"ಮುಗೀತ್ರೀ ಅತ್ತಿ" ಎಂದೆ.

ವಲ್ಲಿ ಎತ್ತುವ ಶಕ್ತಿ ಅವರ ಕೈಗೆ ಇರಲಿಲ್ಲ. ನಾನೇ ಅದನ್ನು ತೆಗೆದು, ಒಮ್ಮೆ ಕೊಡವಿ, ಅವರ ಹೆಗಲಿಗೆ ಹಾಕಿದೆ.