ಅಕ್ಕನನ್ನು ಕರೆಯುವ ಕೆಲಸ

ಕೆಲಸ ಮುಂದೂಡುವವರು ಸೋಮಾರಿಗಳು ಎಂದು ಕೆಲಸದಲ್ಲಿದ್ದಷ್ಟು ಕಾಲವೂ ಮಕ್ಕಳಿಗೆ ಹೇಳಿಕೊಟ್ಟ ಮೇಷ್ಟ್ರು ನಾನು. ಅದು ತಪ್ಪೆಂದು ಮಗಳ ಮದುವೆಯಲ್ಲಿ ತಿಳಿಯಿತು. ಒಂದು ಕೆಲಸವನ್ನು ಸರಿಯಾಗಿ ಮುಂದೂಡಬೇಕಾದರೆ ಬೇರೆ ಹತ್ತು ಕೆಲಸ ಮಾಡಬೇಕು. ಸೋಮಾರಿಗಳಿಂದ ಅದು ಆಗದು.

ನನ್ನ ಕೆಲಸ ಸಣ್ಣದು. ಹೊನ್ನಾಳಿಯಿಂದ ಜಗಳೂರಿನ ಕಡೆಯ ಸೊಕ್ಕೆಗೆ ಹೋಗಿ, ಅಕ್ಕನಿಗೆ ಲಗ್ನಪತ್ರಿಕೆ ಕೊಟ್ಟು ಕರೆದು ಬರುವುದು. ನಮ್ಮಲ್ಲಿ ಫೋನಿನಲ್ಲಿ ಕರೆದರೆ ಕರೆದಂತಲ್ಲ. ಎದುರು ನಿಂತು ಕರೆಯದಿದ್ದರೆ ಅಕ್ಕ ಮದುವೆಗೆ ಬರುವವಳಲ್ಲ. ಅವಳು ಬರದೆ ನನ್ನ ಮಗಳು ಅರಿಶಿನಕ್ಕೆ ಕೂರುವವಳಲ್ಲ. ಆದರೆ ಗಂಡು ಗೊತ್ತು ಮಾಡುವಾಗ ನಾನು ಅಕ್ಕನನ್ನು ಒಂದು ಮಾತೂ ಕೇಳಿರಲಿಲ್ಲ. ಹೋದರೆ ಬೈಗುಳ ಖಚಿತ.

ಆದ್ದರಿಂದ ಮೊದಲು ಚನ್ನಗಿರಿಯ ನಂಟರನ್ನೆಲ್ಲ ಕರೆದೆ. ನ್ಯಾಮತಿಯಲ್ಲಿ ಹೆಂಡತಿಯ ದೂರದ ನಂಟನೊಬ್ಬನನ್ನು, ಅವನು ನನ್ನ ಗುರುತೇ ಹಿಡಿಯದಿದ್ದರೂ, ಕರೆದೆ. ಆಮೇಲೆ ನೀರಿನ ಟ್ಯಾಂಕು ತೊಳೆದೆ. ಮನೆಯ ಕೊಡೆಗಳನ್ನೆಲ್ಲ ಬಿಚ್ಚಿ ಬಿಸಿಲಿಗಿಟ್ಟೆ. ದೊಡ್ಡ ಕೆಲಸವನ್ನು ತುಂಡು ತುಂಡಾಗಿ ಮಾಡಿದರೆ ಹೆದರಿಕೆ ಹೋಗುತ್ತದೆಂದು ನಾನೇ ಶಾಲೆಯಲ್ಲಿ ಹೇಳುತ್ತಿದ್ದೆ. ಅದರಂತೆ ಒಂದು ದಿನ ಪ್ರಯಾಣದ ಚೀಲ ಹುಡುಕಿದೆ, ಮರುದಿನ ಅದನ್ನು ಒಗೆದೆ, ಅದರ ಮರುದಿನ ಅದು ಒಣಗಲೆಂದು ಕಾದೆ.

"ಅಕ್ಕಾರ್ನ ಕರಿಯಾಕೆ ಹೋಗ್ರೀ ಅಂದ್ರೆ ಗೇಟಿಗೆ ಎಣ್ಣೆ ಬಿಡ್ತಾ ಕುಂತೀರಲ್ಲ!" ಎಂದಳು ಹೆಂಡತಿ.

"ಗೇಟು ಕಿರ್ ಅಂತೈತೆ."

"ಅನ್ನಲಿ ಬಿಡ್ರಿ. ನಾಳೆ ಅಕ್ಕಾರು ಬರ್ಲಿಲ್ಲ ಅಂದ್ರೆ ನಿಮ್ಮ ಮಗಳು ಅದಕ್ಕಿಂತ ಜೋರಾಗಿ ಅಂತಾಳೆ."

ಕೊನೆಗೆ ಮೊದಲ ಬಸ್ಸಿಗೆ ಹೊರಟೆ. ಸೊಕ್ಕೆಯಲ್ಲಿ ಅಕ್ಕನ ಮನೆಗೆ ಬೀಗ. ಪಕ್ಕದ ಮನೆಯಾಕೆ ಹೇಳಿದರು: "ನಿಮ್ಮಕ್ಕಾರು ಬೆಳಿಗ್ಗೇನೇ ಹೊನ್ನಾಳಿಗೆ ಹೋದ್ರಲ್ರೀ. ತಮ್ಮ ಅದಾನೋ ಇಲ್ಲೋ ನೋಡ್ಕಂಡು ಬರ್ತೀನಿ ಅಂದ್ರು."

ಸಂಜೆ ಹಿಂದಿರುಗಿದಾಗ ಅಕ್ಕ ನಮ್ಮ ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕರೆಯದ ಮನೆಯೊಳಗೆ ಕಾಲಿಡುವುದಿಲ್ಲವಂತೆ. ಹೆಂಡತಿ ಕಾಫಿ ಲೋಟ ಹಿಡಿದು ಬೀದಿಯಲ್ಲಿ ನಿಂತಿದ್ದಳು.

"ಈಗ ಕರಿಯೋ," ಎಂದಳು ಅಕ್ಕ.

"ಕರೀತೀನಕ್ಕ, ಕೈಕಾಲು ತೊಳ್ಕಂಡು ಬಂದುಬಿಡ್ತೀನಿ."

"ಕಾಲು ಆಮೇಲೆ ತೊಳ್ಕೊಳ್ಳುವಂತೆ. ನಿಂತಲ್ಲೇ ಕರಿ!"

ಪತ್ರಿಕೆ ಕೊಟ್ಟು ಕರೆದೆ. ಅಕ್ಕ ಎದ್ದು ನೆಟ್ಟಗೆ ಒಳಗೆ ಹೋದಳು. ಮಗಳು ಓಡಿ ಬಂದು ಅವಳನ್ನು ತಬ್ಬಿಕೊಂಡಳು. ನಾನು ಗೋಡೆಗೆ ಒರಗಿ ಬೈಗುಳಕ್ಕೆ ಕಾದು ನಿಂತೆ. ಬೈಗುಳ ಬರಲಿಲ್ಲ.

"ನಿಂಗೆ ಬೈಯೋದು ಬಾಳ ಐತೆ," ಎಂದಳು ಅಕ್ಕ. "ಮದುವಿ ಒಂದು ಮುಗೀಲಿ."

ಮುಂದೂಡುವ ಗುಣ ನಮ್ಮ ಮನೆತನದಲ್ಲೇ ಇದೆ ಎಂದು ಆಗ ಗೊತ್ತಾಯಿತು. ಮದುವೆ ಚೆನ್ನಾಗಿ ನಡೆಯಿತು, ಮುಗಿದು ವಾರವಾಯಿತು. ಅಕ್ಕ ಇನ್ನೂ ನಮ್ಮಲ್ಲೇ ಇದ್ದಾಳೆ. ನಾನು ಬೆಳಿಗ್ಗೆಯಿಂದ ಟ್ಯಾಂಕಿನೊಳಗಿದ್ದೇನೆ, ತೊಳೆಯುತ್ತಾ.